ಹೆಬ್ಬೆರಳಿನ ಕೆಲಸ

2024 ನವೆಂಬರ್ 16, ಶನಿವಾರ
ಸಿಯಾಟಲ್

ಇವತ್ತು ಹಾರ್ಪ್ ಗಿಟಾರಿನ ಸಿ ತಂತಿ ನನ್ನ ಮಾತು ಕೇಳಿತು. ಎಡಗೈ ಮೇಲಿನ ಫ್ರೆಟ್‌ಗಳಲ್ಲಿ, ಅಂದರೆ ವೀಣೆಯ ಮೆಟ್ಟಿಲಿನಂಥ ಪಟ್ಟಿಗಳಲ್ಲಿ, ಹಾಡಿನ ಸಾಲು ನುಡಿಸುತ್ತಿತ್ತು. ಬಲಗೈ ಹೆಬ್ಬೆರಳು ಕಣ್ಣಿನ ಸಹಾಯವಿಲ್ಲದೆ ಹೋಗಿ ಆ ದಪ್ಪ ತಂತಿಯನ್ನು ಮೀಟಿತು, ಸರಿಯಾದ ಹೊತ್ತಿಗೆ ಅದನ್ನು ಮುಚ್ಚಿತು, ತನ್ನ ಜಾಗಕ್ಕೆ ವಾಪಸ್ ಬಂತು. ಹವಾಯಿಯ ಸ್ಲ್ಯಾಕ್ ಕೀ ಸಂಗೀತಕ್ಕೆ ಹಾರ್ಪ್ ಗಿಟಾರ್ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ಇನ್ನು ಮೇಲೆ ನಾನು ಈ ಒಂದು ತಂತಿಯನ್ನೇ ತೋರಿಸುತ್ತೇನೆ.

ಹೊರಗೆ ಬೆಳಗಿನಿಂದ ಮಳೆ. ನಾಲ್ಕೂವರೆಗೇ ಕತ್ತಲೆ. ಈ ಊರಿನ ನವೆಂಬರ್ ಅಭ್ಯಾಸಕ್ಕೆ ಹೇಳಿ ಮಾಡಿಸಿದ ತಿಂಗಳು.

ಹಾರ್ಪ್ ಗಿಟಾರ್ ನೋಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಮಾಮೂಲಿ ಆರು ತಂತಿಯ ಗಿಟಾರೇ ಅದು. ಆದರೆ ಅದರ ಹೆಗಲಿನಿಂದ ಟೊಳ್ಳಾದ ಒಂದು ತೋಳು ಎದ್ದು, ಬಾಗಿ, ಬಿರಡೆಗಳ ಕಡೆಗೆ ಚಾಚಿಕೊಂಡಿರುತ್ತದೆ. ಆ ತೋಳಿನ ತುದಿಯಿಂದ ಕೆಳಗಿನ ಬ್ರಿಜ್‌ವರೆಗೆ ಇನ್ನಷ್ಟು ದಪ್ಪ ತಂತಿಗಳು. ನನ್ನದರಲ್ಲಿ ಆರಿವೆ. ಅವುಗಳ ಕೆಳಗೆ ಫ್ರೆಟ್ ಇಲ್ಲ, ಬೆರಳಿಟ್ಟು ಸ್ವರ ಬದಲಾಯಿಸುವ ಹಾಗಿಲ್ಲ. ಯಾವ ಸ್ವರಕ್ಕೆ ಶ್ರುತಿ ಮಾಡುತ್ತೇವೋ ಅದೇ ಸ್ವರ. ನಾನು ಕೆಳಗಿನಿಂದ ಜಿ, ಎ, ಬಿ, ಸಿ, ಡಿ, ಇ ಅಂತ ಇಟ್ಟುಕೊಂಡಿದ್ದೇನೆ. ಮಾಮೂಲಿ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ನನ್ನ ಕೆಳಗಿನ ಜಿ ಬರೀ 49 ಸಲ. ಅದು ಕಿವಿಗೆ ಕೇಳಿಸುವ ಮೊದಲು ಪಕ್ಕೆಲುಬಿಗೆ ಗೊತ್ತಾಗುತ್ತದೆ, ಗಿಟಾರ್ ಎದೆಗೆ ಒರಗಿರುತ್ತದಲ್ಲ.

ಇನ್ನು ಸ್ಲ್ಯಾಕ್ ಕೀ. ನಮ್ಮ ಕಡೆ ಹವಾಯಿಯನ್ ಗಿಟಾರ್ ಅಂದರೆ ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಸರಳು ಜಾರಿಸಿ ನುಡಿಸುವ ವಾದ್ಯ. ಹಳೆಯ ಸಿನಿಮಾ ಹಾಡುಗಳಲ್ಲಿ ಎಲ್ಲರೂ ಕೇಳಿರುತ್ತಾರೆ. ಅದು ಭಾರತದಲ್ಲಿ ಬೇರು ಬಿಟ್ಟದ್ದರಲ್ಲಿ ಆ ಗಿಟಾರ್ ನುಡಿಸುತ್ತಿದ್ದ ಟಾವ್ ಮೋಯ್ ಅವರ ಪಾತ್ರ ದೊಡ್ಡದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರ ಕುಟುಂಬ ಕೊಲ್ಕತ್ತಾದಲ್ಲಿ ನೆಲೆಸಿತ್ತು. ಸ್ಲ್ಯಾಕ್ ಕೀ ಬೇರೆಯೇ. ಗಿಟಾರನ್ನು ಎಲ್ಲರ ಹಾಗೆ ಹಿಡಿದು, ಬೆರಳಿನಿಂದಲೇ ಫ್ರೆಟ್ ಒತ್ತಿ ನುಡಿಸುವುದು. ತಂತಿಗಳನ್ನು ಮಾತ್ರ ಒಂದೊಂದಾಗಿ ಸಡಿಲಿಸಿ, ಬರಿದೇ ಮೀಟಿದರೂ ಇಂಪಾಗಿ ಕೇಳುವ ಹಾಗೆ ಮಾಡಿಕೊಳ್ಳುತ್ತಾರೆ. ಹೆಬ್ಬೆರಳು ಕೆಳಗಿನ ತಂತಿಗಳಲ್ಲಿ ಒಂದೇ ನಡಿಗೆಯಲ್ಲಿ ಸಾಗುತ್ತಿರುತ್ತದೆ. ಉಳಿದ ಬೆರಳುಗಳು ಮೇಲೆ ಹಾಡು ಹೇಳುತ್ತಿರುತ್ತವೆ.

ಇದು ಹುಟ್ಟಿದ ಕಥೆ ದನಗಳಿಂದ ಶುರುವಾಗುತ್ತದೆ! 1793ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್ ಹವಾಯಿಯ ದೊರೆ ಮೊದಲನೇ ಕಮೆಹಮೆಹಾನಿಗೆ ದನಗಳನ್ನು ಕಾಣಿಕೆ ಕೊಟ್ಟ. ಅವುಗಳನ್ನು ಕೊಲ್ಲಬಾರದು ಅಂತ ದೊರೆ ಕಟ್ಟುನಿಟ್ಟು ಮಾಡಿದ. ದನ ಹೆಚ್ಚಿದವು, ಕಾಡು ಸೇರಿದವು, ಹೊಲ ತೋಟ ಹಾಳು ಮಾಡತೊಡಗಿದವು. ಆಮೇಲೆ 1830ರ ದಶಕದಲ್ಲಿ ಮೂರನೇ ಕಮೆಹಮೆಹಾ ಅವುಗಳನ್ನು ಹಿಡಿಯುವುದು, ಪಳಗಿಸುವುದು ಕಲಿಸಲಿ ಅಂತ ಮೆಕ್ಸಿಕೋ ಕಡೆಯ ಕುದುರೆ ಸವಾರರನ್ನು ಕರೆಸಿದ. ಅವರ ಜೊತೆ ಗಿಟಾರುಗಳೂ ಬಂದವು. ಅವರು ಹೋದ ಮೇಲೂ ಗಿಟಾರುಗಳು ಉಳಿದವು, ದ್ವೀಪದ ದನಗಾಹಿಗಳು ತಮಗೆ ತೋಚಿದ ಹಾಗೆ ತಂತಿ ಸಡಿಲಿಸಿ ತಮ್ಮ ಹಾಡುಗಳಿಗೆ ಹೊಂದಿಸಿಕೊಂಡರು ಅನ್ನುತ್ತಾರೆ. ಒಂದೊಂದು ಮನೆಗೆ ಒಂದೊಂದು ಶ್ರುತಿ. ಅದನ್ನು ಹೊರಗಿನವರಿಗೆ ಹೇಳಿಕೊಡುತ್ತಿರಲಿಲ್ಲ. ಓವಾಹು ದ್ವೀಪದ ನಾನಾಕುಲಿಯಲ್ಲಿ ಬೆಳೆದ ರೇ ಕಾನೆ ಹುಡುಗನಾಗಿದ್ದಾಗ ಸಮುದ್ರಕ್ಕೆ ಧುಮುಕಿ ಮೀನು ಹಿಡಿದು, ಆ ಮೀನು ಕೊಟ್ಟು ಪಾಠ ಹೇಳಿಸಿಕೊಂಡರಂತೆ. ಮುಂದೆ 1987ರಲ್ಲಿ ಅಮೆರಿಕ ಸರ್ಕಾರ ಜಾನಪದ ಕಲಾವಿದರಿಗೆ ಕೊಡುವ ದೊಡ್ಡ ಗೌರವ ಅವರಿಗೆ ಸಿಕ್ಕಿತು. ನನಗೆ ಆ ಗೌರವಕ್ಕಿಂತ ಮೀನಿನ ಕಥೆಯೇ ಜಾಸ್ತಿ ಇಷ್ಟ.

ಈಗ ಸಿ ತಂತಿಗೆ ಬರುತ್ತೇನೆ.

ಎಲ್ಲರೂ ಮೊದಲು ಕಲಿಯುವ ಶ್ರುತಿಗೆ ಟಾರೋ ಪ್ಯಾಚ್ ಅಂತ ಹೆಸರು. ಟಾರೋ ಅಂದರೆ ನಮ್ಮ ಕೆಸು. ಹಿಂದೆ ಹವಾಯಿ ಜನರ ಮುಖ್ಯ ಆಹಾರವೇ ಅದರ ಗೆಡ್ಡೆಯಾಗಿತ್ತು. ಮಾಮೂಲಿ ಗಿಟಾರಿನ ಅತಿ ದಪ್ಪದ ಆರನೇ ತಂತಿಯನ್ನು ಇಯಿಂದ ಡಿಗೆ ಇಳಿಸಬೇಕು. ಐದನೆಯದನ್ನು ಎಯಿಂದ ಜಿಗೆ. ಒಂದನೆಯದನ್ನು ಇಯಿಂದ ಡಿಗೆ. ಅಷ್ಟೇ. ಈಗ ಎಡಗೈ ಮುಟ್ಟದೆ ಮೀಟಿದರೂ ಜಿ ಕಾರ್ಡ್, ಅಂದರೆ ಜಿ ಆಧಾರದ ಸ್ವರಗಳ ಗುಂಪು, ಬರುತ್ತದೆ. ಹೆಬ್ಬೆರಳಿಗೆ ಜಿ ಮತ್ತು ಡಿ ಎರಡೂ ಬರಿದಾಗಿಯೇ ಸಿಗುತ್ತವೆ. ಎಡಗೈ ಪೂರಾ ಹಾಡಿಗೇ ಮೀಸಲು.

ಆದರೆ ಹಾಡು ಸಿ ಕಾರ್ಡಿಗೆ ಹೋದ ಕೂಡಲೇ ತೊಡಕು. ಬರಿದಾದ ಸಿ ಬೇಸ್, ಅಂದರೆ ಕೆಳಗಿನ ಆಧಾರ ಸ್ವರ, ಎಲ್ಲೂ ಇಲ್ಲ. ಐದನೇ ತಂತಿಯ ಐದನೇ ಫ್ರೆಟ್ ಒತ್ತಬೇಕು, ಇಲ್ಲವೇ ಆರನೇ ತಂತಿಯ ಹತ್ತನೇ ಫ್ರೆಟ್. ಯಾವುದನ್ನು ಒತ್ತಿದರೂ ಒಂದು ಬೆರಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಲ್ಯಾಕ್ ಕೀಯ ಜೀವ ಇರುವುದು ಜೋಡಿ ಸ್ವರಗಳಲ್ಲಿ. ಮೂರನೇ ತಂತಿಯ ಒಂಬತ್ತನೇ ಫ್ರೆಟ್, ಒಂದನೇ ತಂತಿಯ ಹತ್ತನೇ ಫ್ರೆಟ್ ಎರಡನ್ನೂ ಒಟ್ಟಿಗೆ ಹಿಡಿದು, ಅಲ್ಲಿಂದ ಮೆಲ್ಲಗೆ ಜಾರಿ ಇಳಿಯಬೇಕು. ಒಂದು ಬೆರಳು ಬೇಸ್‌ಗೆ ಅಂಟಿಕೊಂಡಿದ್ದರೆ ಜಾರುವುದು ಹೇಗೆ? ಹಾರ್ಪ್ ಗಿಟಾರಿನಲ್ಲಿ ಆ ಸಿ ಬರಿದಾಗಿ, ಅದೂ ಒಂದು ಸಪ್ತಕ ಕೆಳಗೆ, ಕಾದು ಕೂತಿರುತ್ತದೆ. ಹೆಬ್ಬೆರಳು ಅದನ್ನು ಮೀಟಿದರೆ ಸಾಕು. ಎಡಗೈ ಸ್ವತಂತ್ರ. ಜೋಡಿ ಸ್ವರ ಹತ್ತರಿಂದ ಐದಕ್ಕೆ ನಿಧಾನವಾಗಿ ಇಳಿಯುವಷ್ಟು ಹೊತ್ತೂ ಕೆಳಗೆ ಸಿ ಮೊಳಗುತ್ತಲೇ ಇರುತ್ತದೆ.

ಹಾಡಿನ ಚರಣಗಳ ನಡುವೆ ಬರುವ ವ್ಯಾಂಪ್ ಕೂಡ ಹಾಗೇ. ಎ ಸೆವೆನ್, ಡಿ ಸೆವೆನ್, ಜಿ ಅನ್ನುವ ಮೂರು ಕಾರ್ಡು. ಹವಾಯಿಯ ಹಾಡು ಅಂತ ಕಣ್ಣು ಮುಚ್ಚಿ ಗುರುತು ಹಿಡಿಯಬಹುದು ಅನ್ನುವಂಥ ತಿರುವು ಅದು. ಎ, ಡಿ, ಜಿ ಮೂರೂ ನನ್ನ ಹೆಬ್ಬೆರಳಿಗೆ ಬರಿದಾಗಿ ಸಿಗುತ್ತವೆ. ಎ ತಂತಿಯ ಆ ಮೊದಲ ಪೆಟ್ಟು ಬಿದ್ದಾಗ ಕೋಣೆಯ ಕಿಟಕಿ ಗಾಜು ಸಣ್ಣಗೆ ಗುಂಯ್ ಅನ್ನುತ್ತದೆ.

ಸಂಜೆ ಅಕ್ಕನಿಗೆ ವಿಡಿಯೊ ಕರೆ ಮಾಡಿದೆ. ಶಿವಮೊಗ್ಗದಲ್ಲಿ ಆಗ ಭಾನುವಾರ ಬೆಳಿಗ್ಗೆ. ಅಕ್ಕ ವೀಣೆ ನುಡಿಸುತ್ತಾಳೆ, ಪಾಠವನ್ನೂ ಹೇಳುತ್ತಾಳೆ. ಅವಳ ಕಿವಿ ಅಂದರೆ ನನಗೆ ಇವತ್ತಿಗೂ ಸ್ವಲ್ಪ ಭಯವೇ. ನುಡಿಸಿ ತೋರಿಸಿದೆ.

"ಏನೇ, ಆ ದಪ್ಪ ತಂತಿ ಮೀಟೋದು ಕಾಣ್ತದೆ, ಸದ್ದೇ ಇಲ್ಲವಲ್ಲೇ!" ಅಂದಳು.

ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ದಕ್ಕುವುದಿಲ್ಲ. ಸಾಲದ್ದಕ್ಕೆ ಕರೆಯಲ್ಲಿ ಒಂದೇ ಸಮ ಮೊಳಗುವ ಸದ್ದನ್ನು ಗಲಾಟೆ ಅಂತ ತಿಳಿದು ಒರೆಸಿಹಾಕುತ್ತದೆ. ಬೇರೆಯಾಗಿ ಧ್ವನಿಮುದ್ರಣ ಮಾಡಿ ಕಳಿಸಿದೆ, ಹೆಡ್‌ಫೋನ್ ಹಾಕಿಕೊಂಡೇ ಕೇಳು ಅಂದೆ. ಸ್ವಲ್ಪ ಹೊತ್ತಿಗೆ ಅವಳೇ ಫೋನ್ ಮಾಡಿದಳು.

"ಚೆನ್ನಾಗಿದೆ ಕಣೇ. ನಮ್ಮ ವೀಣೆಯ ತಾಳದ ತಂತಿ ಮೂರಿವೆಯಲ್ಲ, ಹಾಗೇ ಇದು, ಬರಿದೇ ಮೀಟೋದು. ಆದರೆ ನಮ್ಮದು ಸಾ ಪಾ ಸಾ ಬಿಟ್ಟು ಎಲ್ಲೂ ಹೋಗಲ್ಲ, ಹಾಗಾಗಿ ಯಾವ ಸ್ವರಕ್ಕೂ ಅಡ್ಡ ಬರಲ್ಲ. ನಿನ್ನದು ಅಷ್ಟೊತ್ತು ಮೊಳಗ್ತಾ ಇದ್ರೆ ಮುಂದಿನ ಸ್ವರಕ್ಕೆ ಅಡ್ಡ ಬರಲ್ವಾ?"

"ಬರುತ್ತೆ ಅಕ್ಕ. ಅದೇ ಕಷ್ಟ ಇದರಲ್ಲಿ."

ಒಂದು ಸಲ ಕೇಳಿಯೇ ಅವಳು ಇದರ ಮರ್ಮ ಹಿಡಿದಿದ್ದಳು. ಸಿ ಮೀಟಿ ಆಯಿತು, ಹಾಡು ಜಿಗೆ ವಾಪಸ್ ಬಂತು, ಮೇಲೆ ಬಿ ಸ್ವರ ನಿಂತಿದೆ. ಕೆಳಗೆ ಸಿ ಇನ್ನೂ ಮೊಳಗುತ್ತಿದ್ದರೆ ಆ ಬಿ ಜೊತೆ ಅದು ತಿಕ್ಕಾಡುತ್ತದೆ. ಅದಕ್ಕೇ ಹೆಬ್ಬೆರಳಿಗೆ ಎರಡು ಕೆಲಸ: ಮೀಟುವುದು, ಮುಚ್ಚುವುದು. ಮುಚ್ಚುವುದನ್ನು ನಾನು ಹೆಬ್ಬೆರಳಿನ ಪಕ್ಕದಿಂದ ಮಾಡುತ್ತೇನೆ. ಜಿ ತಂತಿಯ ಕಡೆಗೆ ಹೋಗುವ ದಾರಿಯಲ್ಲೇ ಅದು ಸಿ ಮೇಲೆ ಒರಗಿ ಹೋಗುತ್ತದೆ. ತುಂಬಾ ಬೇಗ ಒರಗಿದರೆ ಸದ್ದು ಕತ್ತರಿಸಿದ ಹಾಗಾಗುತ್ತದೆ. ತಡವಾದರೆ ಕಲಸಿಹೋಗುತ್ತದೆ. ಇವತ್ತು ಕೈಗೆ ಬಂದದ್ದು ಈ ಒರಗುವಿಕೆಯೇ. ಮೀಟುವುದು ಯಾವಾಗಲೋ ಬಂದಿತ್ತು.

ಇನ್ನೊಂದು ವಿಷಯ ಇದೆ. ಮುಟ್ಟದೆ ಬಿಟ್ಟ ತಂತಿಗಳೂ ಸುಮ್ನೆ ಇರುವುದಿಲ್ಲ. ಮೇಲೆ ಜಿ ನುಡಿಸಿದರೆ ಕೆಳಗಿನ ಜಿ ತಾನಾಗಿಯೇ ಸಣ್ಣಗೆ ಸ್ವರ ಹಿಡಿಯುತ್ತದೆ, ಸಿ ಕೂಡ ಸ್ವಲ್ಪ ದನಿಗೂಡಿಸುತ್ತದೆ. ವಾದ್ಯದ ಸುತ್ತ ಒಂದು ತೆಳುವಾದ ಗುಂಗು ನಿಲ್ಲುತ್ತದೆ. ಕೆಲವರು ಅದನ್ನು ತಡೆಯಲು ತಂತಿಗಳ ನಡುವೆ ಬಟ್ಟೆ ತೂರಿಸುತ್ತಾರೆ. ನನಗೆ ಅದು ಬೇಕು. ಹವಾಯಿಯಲ್ಲಿ ಈ ಸಂಗೀತವನ್ನು ಹೊಗಳುವಾಗ ನಾಹೆನಾಹೆ ಅನ್ನುತ್ತಾರೆ, ಅಷ್ಟು ಮೆತ್ತಗೆ, ಅಷ್ಟು ಇಂಪಾಗಿ ಅಂತ. ಆ ಗುಂಗಿನಲ್ಲಿ ಅದು ತಾನಾಗಿ ಬರುತ್ತದೆ.

ಹಾರ್ಪ್ ಗಿಟಾರ್ ದ್ವೀಪದ ವಾದ್ಯ ಅಲ್ಲ, ಇದೆಲ್ಲ ಹೊರಗಿನವರ ಬೆರಕೆ ಅನ್ನುವವರೂ ಇದ್ದಾರೆ. ಗಿಟಾರೇ ಹೊರಗಿನಿಂದ ಬಂದದ್ದು ಅಲ್ವಾ? ಜೊತೆಗೆ ನಾನಿರುವ ಈ ಕರಾವಳಿಯಲ್ಲೇ ಹಾರ್ಪ್ ಗಿಟಾರ್, ಹವಾಯಿ ಸಂಗೀತ ಎರಡೂ ಹಿಂದೆ ಹತ್ತಿರ ಬಂದಿದ್ದವು. ನಾರ್ವೆಯಲ್ಲಿ ಹುಟ್ಟಿದ ಕ್ರಿಸ್ ಕ್ನುಟ್ಸೆನ್ 1890ರ ದಶಕದಲ್ಲಿ ಇಲ್ಲೇ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್ಸೆಂಡ್‌ನಲ್ಲಿ ಕೂತು ಟೊಳ್ಳು ತೋಳಿನ ಗಿಟಾರ್ ಮಾಡುತ್ತಿದ್ದ. ಆಮೇಲೆ ಸಿಯಾಟಲ್‌ಗೆ ಬಂದ, ಕೊನೆಗೆ ಲಾಸ್ ಏಂಜಲೀಸ್‌ಗೆ ಹೋದ. 1909ರಲ್ಲಿ ಸಿಯಾಟಲ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅದರಲ್ಲಿ ಹವಾಯಿಯದೇ ಒಂದು ಕಟ್ಟಡ, ಹವಾಯಿಯ ಹಾಡುಗಾರರು ಎಲ್ಲ ಇದ್ದರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ರದರ್ಶನ ಆದ ಮೇಲಂತೂ ಅಮೆರಿಕಕ್ಕೆಲ್ಲ ಹವಾಯಿ ಸಂಗೀತದ ಹುಚ್ಚು ಹಿಡಿಯಿತು. ಅದೇ ಕ್ನುಟ್ಸೆನ್ ತೊಡೆಯ ಮೇಲೆ ಇಟ್ಟು ನುಡಿಸುವ ಹವಾಯಿಯನ್ ಗಿಟಾರುಗಳನ್ನೂ ಮಾಡಿದ, ಹಾರ್ಪ್ ತೋಳಿರುವ ಉಕುಲೇಲೆಯನ್ನೂ ಮಾಡಿದ. ಪ್ರದರ್ಶನ ನಡೆದ ಜಾಗ ಈಗ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಂಗಳ. ಅಲ್ಲಿನ ದೊಡ್ಡ ಕಾರಂಜಿ ಆಗಿನದೇ. ಆ ಕಡೆ ಹೋದಾಗಲೆಲ್ಲ ಅದರ ಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತೇನೆ. ಒಬ್ಬನ ಕೈಯಲ್ಲೇ ಎರಡೂ ಬಗೆಯ ವಾದ್ಯ ಹುಟ್ಟಿದ ಊರು ಇದು ಅನ್ನುವುದು ನನಗೆ ದೊಡ್ಡ ಧೈರ್ಯ.

ಹಾಗಂತ ಸಿಕ್ಕಿದಲ್ಲೆಲ್ಲ ದಪ್ಪ ತಂತಿ ಮೀಟುವುದನ್ನು ನಾನು ಒಪ್ಪುವುದಿಲ್ಲ. ಹಾರ್ಪ್ ಗಿಟಾರಿನಲ್ಲಿ ಬರಿದಾದ ಬೇಸ್ ಹೇಗೂ ಇದೆ, ಇನ್ನು ತಂತಿ ಸಡಿಲಿಸುವುದು ಯಾಕೆ, ಮಾಮೂಲಿ ಶ್ರುತಿಯಲ್ಲೇ ನುಡಿಸಬಹುದಲ್ಲ ಅನ್ನುವ ವಾದವೂ ಇದೆ. ನುಡಿಸಬಹುದು, ಸ್ಲ್ಯಾಕ್ ಕೀ ಆಗುವುದಿಲ್ಲ. ಒಂದನೇ ತಂತಿ ಡಿಗೆ ಇಳಿದಾಗ ಅದರ ಬಿಗಿ ಕಡಿಮೆಯಾಗುತ್ತದೆ. ಬೆರಳು ಬಡಿದು ಎತ್ತಿದಾಗ ಬರುವ ಆ ಪುಟ್ಟ ಅಲುಗಾಟ, ಪಕ್ಕದ ಬರಿದಾದ ತಂತಿಯ ಜೊತೆ ಸ್ವರ ಕೂಡುವ ರೀತಿ, ಇವು ಆ ಸಡಿಲದಲ್ಲೇ ಇವೆ.

ಗ್ಯಾಬಿ ಪಹಿನೂಯಿ ಹಾಡಿದ ಹಿಇಲಾವೆಯನ್ನು ಮಧ್ಯಾಹ್ನ ಮತ್ತೆ ಕೇಳಿದೆ. 1946ರ ಮುದ್ರಣ. ವೈಪಿಯೊ ಕಣಿವೆಯ ಜಲಪಾತದ ಹೆಸರಿನ ಹಾಡು. ಸ್ಲ್ಯಾಕ್ ಕೀ ಮೊದಲು ರೆಕಾರ್ಡ್ ಆದದ್ದು ಇದರಲ್ಲೇ ಅಂತ ಎಷ್ಟೋ ಜನ ಹೇಳುತ್ತಾರೆ. ಹೊನೊಲುಲುವಿನಲ್ಲಿ ರಸ್ತೆ ಕೆಲಸ ಮಾಡಿಕೊಂಡಿದ್ದ ಮನುಷ್ಯ ಗ್ಯಾಬಿ. 1980ರಲ್ಲಿ ತೀರಿಕೊಂಡರು. ಅವರ ಹೆಬ್ಬೆರಳು ಎಷ್ಟು ಕಡಿಮೆ ಕೆಲಸ ಮಾಡುತ್ತದೆ, ಆ ಕಡಿಮೆಯನ್ನು ಎಷ್ಟು ಖಚಿತವಾಗಿ ಮಾಡುತ್ತದೆ ಅಂತ ಕೇಳಬೇಕು. ಹಳಬರು ಎಷ್ಟೋ ಸಲ ಸಿ ಕಾರ್ಡಿನ ಕೆಳಗೂ ಜಿಯನ್ನೇ ಮುಂದುವರಿಸುತ್ತಾರೆ. ಅದು ಸಿ ಸಿಗದೆ ಮಾಡಿಕೊಂಡ ಅಡ್ಜಸ್ಟ್‌ಮೆಂಟ್ ಅಂತ ನನಗೆ ಅನ್ನಿಸುವುದಿಲ್ಲ. ಹಾಡು ಹಗುರಾಗಿ ತೇಲುವುದು ಅದರಿಂದಲೇ. ಹಾಗಾಗಿ ನಾನೀಗ ಮೊದಲ ಚರಣವನ್ನು ಆರು ತಂತಿಯಲ್ಲೇ ನುಡಿಸುತ್ತೇನೆ. ಎಡಗೈ ಒಂಬತ್ತು ಹತ್ತನೇ ಫ್ರೆಟ್‌ಗೆ ಏರುವ ಎರಡನೇ ಚರಣದಲ್ಲಿ ಮಾತ್ರ ಸಿ. ವ್ಯಾಂಪ್‌ನ ಕೊನೆಗೆ ಕೆಳಗಿನ ಜಿ, ಒಂದೇ ಸಲ.

ಬಿ ತಂತಿ ಹೆಚ್ಚು ಹೊತ್ತು ಖಾಲಿಯೇ ಇರುತ್ತದೆ. ಸಿಯಿಂದ ಬಿ, ಬಿಯಿಂದ ಎ ಅಂತ ಇಳಿಯುವಾಗ ಮಾತ್ರ ಅದಕ್ಕೆ ಕೆಲಸ. ಆ ಮೂರು ಹೆಜ್ಜೆ ಇನ್ನೂ ಸಮನಾಗಿ ಬರುತ್ತಿಲ್ಲ, ಬಿ ಯಾವಾಗಲೂ ಒಂಚೂರು ಜೋರಾಗುತ್ತದೆ. ನಾಳೆ ಮೊದಲು ಅದನ್ನು ಸರಿ ಮಾಡಬೇಕು. ಆಮೇಲೆ ಮೂರನೇ ತಂತಿಯನ್ನು ಜಿಯಿಂದ ಎಫ್ ಶಾರ್ಪ್‌ಗೆ ಇಳಿಸಿ ಜಿ ವಾಹಿನೆ ಶ್ರುತಿ ನೋಡುವ ಆಸೆ. ಸಿ ಮೊಳಗುತ್ತಿರುವಾಗ ಆ ಎಫ್ ಶಾರ್ಪನ್ನು ಬರಿದಾಗಿ ನಿಲ್ಲಿಸುವ ಹಾಗಿಲ್ಲ. ಮೀಟಿದ ಕೂಡಲೇ ಬೆರಳು ಬಡಿದು ಜಿಗೆ ಏರಿಸಬೇಕು. ಅಲ್ಲಿ ಸಿ ಎಷ್ಟು ಹೊತ್ತು ಇರಬೇಕು ಅನ್ನುವುದನ್ನು ಹೆಬ್ಬೆರಳು ಹೊಸದಾಗಿ ಕಲಿಯಬೇಕಾಗುತ್ತದೆ.