ಗಾರ್ಬೊ ಮತ್ತು ಮರ್ಸಿಡಿಸ್: ‘ಖರೇ ಇತ್ತಾ?’ ಎಂದು ಕೇಳುವವರಿಗೆ

ನಾನು ಗ್ರೇಟಾ ಗಾರ್ಬೊ ಮತ್ತು ಮರ್ಸಿಡಿಸ್ ಡಿ ಅಕೋಸ್ಟಾ ಬಗ್ಗೆ ಓದುತ್ತಿದ್ದೇನೆ ಎಂದು ಗೊತ್ತಾದವರೆಲ್ಲ ಕಡೆಗೆ ಕೇಳುವುದು ಒಂದೇ ಪ್ರಶ್ನೆ, ಆ ಇಬ್ಬರು ಹೆಂಗಸರ ನಡುವೆ ಪ್ರೇಮ ಇತ್ತಾ ಎಂದು. ಶಿರಸಿಯ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಅತ್ತೆ ದನಿ ತಗ್ಗಿಸಿ, “ತಂಗೀ, ಅವರಿಬ್ಬರ ಮಧ್ಯೆ ಖರೇ ಇತ್ತನೇ?” ಎನ್ನುತ್ತಾರೆ. ಕಾರವಾರದ ಕಾಲೇಜು ಹುಡುಗಿಯರು ಅದನ್ನೇ ದೊಡ್ಡ ದನಿಯಲ್ಲಿ, “ಪ್ರೂಫ್ ಇದೆಯಾ ಮೇಡಂ?” ಎಂದು ಕೇಳುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಇತ್ತು. ಹಾಗೆ ಹೇಳಲು ನನ್ನಲ್ಲಿರುವ ಕಾರಣಗಳನ್ನು ಪಂಕ್ತಿಯಲ್ಲಿ ಪಾಯಸ ಬರುವುದರೊಳಗೆ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗಾರ್ಬೊ ಹೆಸರು ಹಳೆಯ ಸಿನಿಮಾ ನೋಡುವವರಿಗೆ ಗೊತ್ತು. 1905ರಲ್ಲಿ ಸ್ಟಾಕ್‌ಹೋಮಿನ ಬಡ ಮನೆಯೊಂದರಲ್ಲಿ ಹುಟ್ಟಿ, ಮೂಕಿ ಚಿತ್ರಗಳ ಕಾಲದಲ್ಲೇ ಹಾಲಿವುಡ್ಡಿನ ದೊಡ್ಡ ತಾರೆಯಾದವಳು. 1941ರ ನಂತರ ಒಂದೂ ಚಿತ್ರ ಮಾಡಲಿಲ್ಲ. ಆಗ ಅವಳಿಗೆ ಬರೀ 36 ವರ್ಷ. 1990ರಲ್ಲಿ ತೀರಿಕೊಳ್ಳುವವರೆಗೂ ತನ್ನ ಖಾಸಗಿ ಬದುಕಿನ ಬಗ್ಗೆ ಬಾಯಿ ಬಿಡಲಿಲ್ಲ. ಮರ್ಸಿಡಿಸ್ ಹೆಸರು ಮಾತ್ರ ನಮ್ಮ ಕಡೆ ಹೆಚ್ಚಿನವರು ಕೇಳಿಲ್ಲ. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಸ್ಪ್ಯಾನಿಷ್ ಮೂಲದ ಮನೆತನದವಳು. ಕವಿತೆ, ನಾಟಕ, ಕಾದಂಬರಿ ಎಲ್ಲ ಬರೆದವಳು. ಅಬ್ರಾಮ್ ಪೂಲ್ ಎಂಬ ಚಿತ್ರಕಾರನನ್ನು ಮದುವೆಯಾಗಿದ್ದಳು, 1935ರಲ್ಲಿ ಅದು ಮುರಿಯಿತು. ಸಿನಿಮಾಕ್ಕೆ ಬರೆಯಲೆಂದು 1931ರಲ್ಲಿ ಹಾಲಿವುಡ್ಡಿಗೆ ಬಂದಾಗ ಸಾಲ್ಕಾ ವಿಯರ್ಟೆಲ್ ಎಂಬ ನಟಿ, ಲೇಖಕಿಯ ಮನೆಯಲ್ಲಿ ಗಾರ್ಬೊಳ ಭೇಟಿಯಾಯಿತು.

ನಾನು ಮರ್ಸಿಡಿಸಳನ್ನು ಕಂಡದ್ದು ಸಿನಿಮಾದ ದಾರಿಯಿಂದಲ್ಲ. ನಮ್ಮ ಮನೆಯಲ್ಲಿ ರಮಣ ಮಹರ್ಷಿಗಳ ಪುಸ್ತಕಗಳಿದ್ದವು. ಅವರ ದರ್ಶನಕ್ಕೆ ಬಂದ ಪರದೇಶದವರ ಪೈಕಿ ಇವಳ ಹೆಸರೂ ಇತ್ತು. ಇಂಗ್ಲಿಷ್ ಲೇಖಕ ಪಾಲ್ ಬ್ರಂಟನ್ ಮಹರ್ಷಿಗಳ ಬಗ್ಗೆ ಬರೆದದ್ದನ್ನು ಓದಿ, 1938ರಲ್ಲಿ ಹಡಗು ಹತ್ತಿ ತಿರುವಣ್ಣಾಮಲೈಗೆ ಬಂದು ಮೂರು ದಿನ ಇದ್ದು ಹೋದವಳು. 1960ರಲ್ಲಿ ‘ಹಿಯರ್ ಲೈಸ್ ದ ಹಾರ್ಟ್’ ಎಂಬ ಆತ್ಮಕಥೆ ಬರೆದಾಗ ಅದನ್ನು ಅರ್ಪಿಸಿದ್ದು ಮಹರ್ಷಿಗಳಿಗೆ. ಮಹರ್ಷಿಗಳಿಗೆ ಅರ್ಪಿಸಿದ ಪುಸ್ತಕದ ಒಳಗೆ ಪುಟಗಟ್ಟಲೆ ಗಾರ್ಬೊ! ಈ ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡ ಹೆಂಗಸು ಯಾರು ಎಂದು ಹುಡುಕಹೊರಟವಳು ನಾನು, ಇವತ್ತಿಗೂ ಹುಡುಕುತ್ತಲೇ ಇದ್ದೇನೆ.

ಈಗ ಪುರಾವೆಯ ಮಾತು. ಆತ್ಮಕಥೆಯೊಂದನ್ನೇ ನಂಬಿ ಕೂರುವಂತಿಲ್ಲ. ಮರ್ಸಿಡಿಸ್ ಬಣ್ಣ ಹಚ್ಚಿ ಹೇಳುವವಳು. ಸಿಯೆರಾ ನೆವಾಡಾ ಬೆಟ್ಟಗಳಲ್ಲಿ, ಸಿಲ್ವರ್ ಲೇಕ್ ಎಂಬ ಸರೋವರದ ದಂಡೆಯಲ್ಲಿ ತಾವಿಬ್ಬರೇ ಆರು ವಾರ ಕಳೆದೆವು ಎಂದು ಬರೆದಿದ್ದಾಳೆ. ಗಾರ್ಬೊಳ ಚಿತ್ರೀಕರಣದ ದಿನಾಂಕಗಳನ್ನು ಪಕ್ಕಕ್ಕಿಟ್ಟು ನೋಡಿದ ಜೀವನಚರಿತ್ರೆಕಾರರು ಅಷ್ಟು ದಿನ ಇದ್ದಿರಲಾರರು ಎನ್ನುತ್ತಾರೆ. ಆದರೆ ಅಲ್ಲಿಗೆ ಹೋದದ್ದು ಸುಳ್ಳಲ್ಲ, ಮರ್ಸಿಡಿಸ್ ಅಲ್ಲಿ ತೆಗೆದ ಗಾರ್ಬೊಳ ಫೋಟೋಗಳು ಉಳಿದಿವೆ. ವಾರಗಳ ಲೆಕ್ಕ ಹಿಗ್ಗಿದೆ ಎಂದ ಮಾತ್ರಕ್ಕೆ ಆ ಬೇಸಿಗೆಯನ್ನೇ ಇಲ್ಲವೆನ್ನುವುದು ನ್ಯಾಯವಲ್ಲ. ಇಷ್ಟು ಸುಖ ಕಂಡವರಿಗೆ ದಿನಗಳು ಹಿಗ್ಗಿ ಕಂಡರೆ ಅದರಲ್ಲಿ ಆಶ್ಚರ್ಯವೇನೂ ನನಗೆ ಕಾಣುವುದಿಲ್ಲ.

ಇನ್ನು ಪತ್ರಗಳು. ವಯಸ್ಸಾಗಿ, ಕಾಯಿಲೆ ಬಿದ್ದು, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಮರ್ಸಿಡಿಸ್ ತನ್ನ ಕಾಗದಪತ್ರಗಳನ್ನು ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯಕ್ಕೆ ವಹಿಸಿದಳು. ಗಾರ್ಬೊ ಬರೆದ ಪತ್ರಗಳನ್ನು ಸುಡಲು ಅವಳಿಗೆ ಮನಸ್ಸು ಬರಲಿಲ್ಲ. ಬದಲಿಗೆ ಒಂದು ಷರತ್ತು ಹಾಕಿದಳು: ಇಬ್ಬರೂ ತೀರಿಕೊಂಡು ಹತ್ತು ವರ್ಷ ಕಳೆಯುವವರೆಗೆ ಮೊಹರು ಒಡೆಯಬಾರದು. ಮರ್ಸಿಡಿಸ್ ಹೋದದ್ದು 1968ರಲ್ಲಿ, ಗಾರ್ಬೊ 1990ರ ಏಪ್ರಿಲ್‌ನಲ್ಲಿ. 2000ದ ಏಪ್ರಿಲ್‌ನಲ್ಲಿ ಪೆಟ್ಟಿಗೆ ತೆರೆದಾಗ 55 ಪತ್ರ, ಜೊತೆಗೆ ತಂತಿ, ಕಾರ್ಡು ಸಿಕ್ಕವು. ಪತ್ರಿಕೆಯವರು ಮುಗಿಬಿದ್ದರು. ಒಳಗೆ ಇದ್ದದ್ದು ಮೈ ಸರಿಯಿಲ್ಲ, ಬೇಸರ, ಮನೆ ಹುಡುಕಿಕೊಡು ಎಂಬಂಥ ಸಂಗತಿ. ದೈಹಿಕ ಸಂಬಂಧಕ್ಕೆ ಸಾಕ್ಷಿ ಇಲ್ಲ ಎಂದು ಬರೆದು ಎಲ್ಲರೂ ಕೈತೊಳೆದುಕೊಂಡರು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಒಬ್ಬ ಗಂಡು, ಒಬ್ಬ ಹೆಣ್ಣು ಇಷ್ಟು ವರ್ಷ ಹೀಗೆ ಪತ್ರ ಬರೆದುಕೊಂಡು, ಅಕ್ಕಪಕ್ಕದ ಮನೆಯಲ್ಲಿ ಬಾಡಿಗೆಗಿದ್ದು, ಇಬ್ಬರೇ ಬೆಟ್ಟ ಹತ್ತಿ ಇಳಿದಿದ್ದರೆ ಹಾಸಿಗೆಯ ಸಾಕ್ಷಿಯನ್ನು ಯಾರು ಕೇಳುತ್ತಿದ್ದರು? ಇಬ್ಬರೂ ಹೆಂಗಸರಾದ ಕೂಡಲೇ ‘ಗಾಢ ಸ್ನೇಹ’ ಎಂಬ ಹೊದಿಕೆ ಬರುತ್ತದೆ. ಆ ಕಾಲದ ಕಾಗದದಲ್ಲಿ ಇನ್ನೇನು ಸಿಗಬೇಕಿತ್ತು? 1934ರಿಂದ ಹಾಲಿವುಡ್ಡಿನಲ್ಲಿ, ತೆರೆಯ ಮೇಲೆ ಏನು ತೋರಿಸಬಹುದು, ಏನು ಕೂಡದು ಎಂದು ಕಟ್ಟುಪಾಡು ಹಾಕುವ ಹೇಸ್ ಸಂಹಿತೆ ಬಿಗಿಯಾಗಿ ಜಾರಿಗೆ ಬಂತು. ತಾರೆಯರ ಕರಾರಿನಲ್ಲಿ ನಡತೆಯ ಕಲಮು ಇರುತ್ತಿತ್ತು. ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಕಾನೂನನ್ನು ಅಮೆರಿಕದಲ್ಲಿ ಮೊದಲು ತೆಗೆದ ರಾಜ್ಯ ಇಲಿನಾಯ್, ಅದು ಜಾರಿಗೆ ಬಂದದ್ದು 1962ರಲ್ಲಿ. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರಲು 2018 ಆಗಬೇಕಾಯಿತು. ಮರ್ಸಿಡಿಸ್ ಕೂಡ ಆತ್ಮಕಥೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಅಷ್ಟು ಹೇಳಿದ್ದಕ್ಕೇ ಗೆಳತಿಯರು ದೂರವಾದರು, ಗಾರ್ಬೊ ಮಾತು ಬಿಟ್ಟಳು.

ರೋಸೆನ್‌ಬಾಕ್ ಸಂಗ್ರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪತ್ರವೂ ಅಲ್ಲ, ಫೋಟೋವೂ ಅಲ್ಲ. ಒಂದು ಕಾಗದದ ಮೇಲೆ ಗಾರ್ಬೊಳ ಪಾದದ ಸುತ್ತ ಎಳೆದ ಗೆರೆ, ಪಾದರಕ್ಷೆ ಕೊಳ್ಳಲು ಅಳತೆ. ನಮ್ಮ ಹಳ್ಳಿಗಳಲ್ಲಿ ಪೇಟೆಗೆ ಹೊರಟವರ ಕೈಲಿ ಮಗುವಿನ ಪಾದ ಬರೆದ ಕಾಗದ ಕೊಟ್ಟು ಚಪ್ಪಲಿ ತರಿಸುತ್ತಿದ್ದರಲ್ಲ, ಥೇಟ್ ಹಾಗೆ. ಇಡೀ ಜಗತ್ತು ಮುಖ ನೋಡಲು ಹಾತೊರೆಯುತ್ತಿದ್ದ ಹೆಂಗಸು ತನ್ನ ಕಾಲಿನ ಅಳತೆಯನ್ನು ಇನ್ನೊಬ್ಬಳಿಗೆ ಕೊಡುತ್ತಾಳೆ. ಇವಳು ಚಪ್ಪಲಿ ಕೊಂಡ ಮೇಲೂ ಆ ಕಾಗದವನ್ನು ಬಿಸಾಡದೆ, ಒಡವೆ ಮಾರಿ ಬದುಕುವ ಹೊತ್ತಿನಲ್ಲೂ ಕಾಪಿಡುತ್ತಾಳೆ. ಮನೆ ಹುಡುಕುವುದು, ವೈದ್ಯರನ್ನು ಹುಡುಕುವುದು, ಚಪ್ಪಲಿ ತರುವುದು, ಇವೆಲ್ಲ ಸಾಮಾನ್ಯ ಸಂಗತಿ ಎಂದು ಪತ್ರಿಕೆಯವರು ಬದಿಗಿಟ್ಟರು. ನಾನು ಅವನ್ನೇ ಸಾಕ್ಷಿ ಎನ್ನುತ್ತೇನೆ. ಸಂಸಾರ ಎನ್ನುವುದು ಇಂಥವುಗಳಿಂದಲೇ ಆದದ್ದು.

ಎರಡೂ ಕಡೆ ಸಮನಾಗಿತ್ತೇ ಎಂದರೆ, ಇಲ್ಲ. ಮರ್ಸಿಡಿಸ್ ತನ್ನನ್ನೇ ಸುರಿದಳು. ಗಾರ್ಬೊ ಹತ್ತಿರ ಕರೆದಳು, ತಿಂಗಳುಗಟ್ಟಲೆ ದೂರ ಇಟ್ಟಳು, ಮತ್ತೆ ಕರೆದಳು. ಆದರೂ 1931ರಲ್ಲಿ ಶುರುವಾದ ಪತ್ರಗಳು 1950ರ ದಶಕದ ಕೊನೆಯವರೆಗೂ ಬಂದವು. ಯಾರಿಗೂ ಏನನ್ನೂ ಹೇಳಿಕೊಳ್ಳದ ಗಾರ್ಬೊಳ ಬದುಕಿನಲ್ಲಿ ಇದು ಸಣ್ಣ ಮಾತಲ್ಲ.

“ಇಬ್ಬರು ಹೆಂಗಸರ ಇಂಥ ಕಥೆ ನಮ್ಮ ಊರಿನವರಿಗೆ ಯಾಕೆ?” ಎಂದೂ ಕೆಲವರು ಕೇಳುತ್ತಾರೆ. ಈ ಆಕ್ಷೇಪಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. 1933ರ ಚಿತ್ರವೊಂದರಲ್ಲಿ ಗಾರ್ಬೊ ಗಂಡುಡುಗೆ ತೊಟ್ಟ ಸ್ವೀಡನ್ನಿನ ರಾಣಿಯಾಗಿ ಬಂದಾಗ ಅಲ್ಲಿಯ ಜನ ಕಣ್ಣರಳಿಸಿ ನೋಡಿದರು. ಹೊನ್ನಾವರ, ಕುಮಟಾ ಕಡೆ ಬೆಳಗಿನ ಜಾವದವರೆಗೆ ಕೂತು ಯಕ್ಷಗಾನದಲ್ಲಿ ಗಂಡಸರ ಸ್ತ್ರೀವೇಷಕ್ಕೆ ಮನಸೋತ ನಮ್ಮವರು ಅದಕ್ಕೆ ಹೌಹಾರುತ್ತಿರಲಿಲ್ಲ. ನಮ್ಮ ಊರಿನವರ ಎದೆ ಚಿಕ್ಕದು ಎಂದು ನಾನು ಒಪ್ಪುವುದಿಲ್ಲ. ಪಂಕ್ತಿಯಲ್ಲಿ ಕೇಳಿದ ಅತ್ತೆಗೆ ಪಾದದ ಗೆರೆಯ ವಿಷಯ ಹೇಳಿದಾಗ, “ಪಾಪ, ಅಷ್ಟು ವರ್ಷ ಇಟ್ಟುಕೊಂಡಿದ್ದಳಾ!” ಎಂದರು. ‘ಇತ್ತಾ’ ಎಂದು ಮತ್ತೆ ಕೇಳಲಿಲ್ಲ.

ಆ ಪತ್ರಗಳನ್ನು ಕನ್ನಡಕ್ಕೆ ತಂದುಬಿಡಿ ಎನ್ನುವವರಿಗೂ ಒಂದು ಮಾತು. ಪತ್ರದ ಕಾಗದ ಪಡೆದವರದ್ದು, ಅದರೊಳಗಿನ ಮಾತು ಬರೆದವರದ್ದು. ಹಕ್ಕುಸ್ವಾಮ್ಯ ಇರುವುದು ಹಾಗೆ. ಗಾರ್ಬೊಳ ವಾರಸುದಾರರು ಉದ್ಧರಿಸಲು ಒಪ್ಪಿಗೆ ಕೊಡಲಿಲ್ಲವಾದ್ದರಿಂದ ಜೀವನಚರಿತ್ರೆಕಾರರೂ ಸಾರಾಂಶವನ್ನಷ್ಟೇ ಕೊಡುತ್ತಾರೆ, ನಾನು ಓದುತ್ತಿರುವುದೂ ಅದನ್ನೇ. ಅಮೆರಿಕದ ಕಾನೂನಿನಂತೆ ಅಚ್ಚಾಗದ ಪತ್ರಗಳ ಹಕ್ಕು ಬರೆದವರು ತೀರಿಕೊಂಡ ಮೇಲೆ 70 ವರ್ಷ ಉಳಿಯುತ್ತದೆ. ಗಾರ್ಬೊಳ ಪತ್ರಗಳಿಗೆ ಅದು ಮುಗಿಯುವುದು 2060ರ ಕೊನೆಗೆ. ಇವತ್ತು ಪ್ರೂಫ್ ಕೇಳುತ್ತಿರುವ ಕಾರವಾರದ ಹುಡುಗಿಯರಲ್ಲಿ ಯಾರಾದರೂ ಅಷ್ಟು ಹೊತ್ತಿಗೆ ಅನುವಾದಕ್ಕೆ ಕೂರಲಿ ಎಂದು ನನ್ನ ಟಿಪ್ಪಣಿಗಳನ್ನೆಲ್ಲ ಒಂದು ಕಡೆ ಜೋಡಿಸಿಡುತ್ತಿದ್ದೇನೆ.