ಕುದುರೆ ಇಳಿಯದ ಮಗಳು, ಚೈನು ಬಿಡದ ಮಗ

ಚಿಕ್ಕ ಮಕ್ಕಳನ್ನು ದೊಡ್ಡ ಥೀಮ್ ಪಾರ್ಕಿಗೆ ಕರೆದುಕೊಂಡು ಹೋದರೆ ಅರ್ಧ ದಿನ ಕ್ಯೂನಲ್ಲೇ ಹೋಗುತ್ತದೆ. ಉಳಿದರ್ಧ "ನೀನು ಇದಕ್ಕೆ ಹತ್ತೋ ಹಾಗಿಲ್ಲ ಪುಟ್ಟಾ" ಅಂತ ಸಮಾಧಾನ ಮಾಡುವುದರಲ್ಲಿ. ಜೋರಾದ ರೈಡುಗಳಿಗೆ ಸಾಮಾನ್ಯವಾಗಿ 120ರಿಂದ 140 ಸೆಂ.ಮೀ. ಎತ್ತರ ಇರಬೇಕು ಅಂತಾರೆ. ಅದು ಧೈರ್ಯದ ಲೆಕ್ಕ ಅಲ್ಲ. ತೊಡೆ ಮೇಲೋ ಭುಜದ ಮೇಲೋ ಬಂದು ಕೂರುವ ಕಂಬಿ ಸಣ್ಣ ಮೈಗೆ ಸರಿಯಾಗಿ ಹಿಡಿಯುವುದಿಲ್ಲ, ಮಗು ನುಸುಳಿ ಹೋಗಬಹುದು. ಆದರೆ ಇದನ್ನು ಆರು ವರ್ಷದ ಮಗಳಿಗೂ ನಾಲ್ಕು ವರ್ಷದ ಮಗನಿಗೂ ಬಿಸಿಲಲ್ಲಿ ನಿಂತು ಹೇಳಿ ನೋಡಿ!

ಹಾಗಾಗಿ ಈ ರಜೆಯಲ್ಲಿ ಜನ ಅಷ್ಟಾಗಿ ಹೋಗದ ಒಂದು ಸಣ್ಣ ಪಾರ್ಕಿಗೆ ಹೋದೆವು. ಅದೂ ವಾರದ ನಡುವೆ.

"ಇಷ್ಟೇನಾ?" ಅಂತ ನಮ್ಮವರು ಗೇಟಲ್ಲೇ ಕೇಳಿದರು. ಮೆರಿ ಗೋ ರೌಂಡ್, ಜೈಂಟ್ ವೀಲ್, ಡ್ಯಾಶಿಂಗ್ ಕಾರ್, ಪುಟಾಣಿ ರೈಲು, ಹಸಿರು ಹುಳದ ಮುಖ ಇರುವ ಸಣ್ಣದೊಂದು ರೋಲರ್ ಕೋಸ್ಟರ್. ನಿಂತ ಜಾಗದಿಂದಲೇ ಎಲ್ಲ ಕಾಣುತ್ತಿತ್ತು. ನನಗೆ ಅದೇ ಇಷ್ಟವಾಯಿತು. ಇಬ್ಬರೂ ಎರಡು ದಿಕ್ಕಿಗೆ ಓಡಿದರೂ ಕಣ್ಣಳತೆಯಲ್ಲೇ ಇರುತ್ತಾರೆ, ಅಲ್ವಾ?

ಮಗಳು ಸೀದಾ ಕುದುರೆಗಳ ಹತ್ತಿರ ಓಡಿದಳು. ಕಿವಿಯ ಬಣ್ಣ ಕಿತ್ತುಹೋದ ಒಂದು ಬಿಳಿ ಕುದುರೆ ಅವಳ ಕಣ್ಣಿಗೆ ಬಿತ್ತು. ಅದರ ಮೇಲೆ ಹತ್ತಿದವಳು ಇಳಿಯಲೇ ಇಲ್ಲ. ಕಾಯುವವರು ಯಾರೂ ಇರಲಿಲ್ಲವಲ್ಲ, ಅಲ್ಲಿನ ಅಂಕಲ್ "ಕೂತಿರಲಿ ಬಿಡಿ ಮೇಡಂ" ಅಂತ ಮತ್ತೆ ಮತ್ತೆ ಬಟನ್ ಒತ್ತಿದರು. ಕೊನೆಗೊಮ್ಮೆ ತಾನಾಗಿಯೇ ಒಳಸಾಲಿನ ಕುದುರೆಗೆ ಬದಲಾಯಿಸಿದಳು. ಒಂದು ಸುತ್ತು ಮುಗಿಯುವಷ್ಟರಲ್ಲಿ ಮುಖ ಸಣ್ಣಗಾಯಿತು. "ಅಮ್ಮಾ, ಇದು ಮೆಲ್ಲಗೆ ಹೋಗುತ್ತೆ. ಹೊರಗಿನದೇ ಜೋರು." ಸರಿಯಾಗೇ ಹೇಳಿದಳು. ಎರಡೂ ಒಂದೇ ಹೊತ್ತಿಗೆ ಸುತ್ತು ಮುಗಿಸುತ್ತವೆ, ಆದರೆ ಹೊರಸಾಲಿನದಕ್ಕೆ ಓಡಬೇಕಾದ ದಾರಿ ಜಾಸ್ತಿ. ಒಂದೇ ಸಲ ಕೂರಿಸಿ ಇಳಿಸಿದ್ದರೆ ಅವಳಿಗೆ ಇದು ಗೊತ್ತಾಗುತ್ತಿತ್ತಾ?

ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳು ಮೆರಿ ಗೋ ರೌಂಡ್ ಆಡುತ್ತಿದ್ದಾಗ ಬೆಂಚಿನ ಮೇಲೆ ಕೂತಿದ್ದ ವಾಲ್ಟ್ ಡಿಸ್ನಿಗೆ, ದೊಡ್ಡವರೂ ಮಕ್ಕಳೂ ಕೂಡಿ ಆಡುವ ಜಾಗ ಒಂದು ಬೇಕು ಅನ್ನಿಸಿತಂತೆ. ಇದನ್ನು ಅವರೇ ಹೇಳಿಕೊಂಡಿದ್ದರು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಬೆಂಚಿನ ಮೇಲೆ ನನಗೆ ಅಂಥ ದೊಡ್ಡ ಯೋಚನೆ ಯಾವುದೂ ಬರಲಿಲ್ಲ. ಚಪ್ಪಲಿ ಬಿಟ್ಟು, ಕಾಲು ಚಾಚಿ ಸುಮ್ನೆ ಕೂತೆ.

ಮಗನದು ಬೇರೆಯೇ ಕಥೆ. ರೋಲರ್ ಕೋಸ್ಟರ್ ಹತ್ತಲು ಬಿಲ್‌ಕುಲ್ ಒಪ್ಪಲಿಲ್ಲ. ಬೇಲಿಯ ಕಂಬಿ ಹಿಡಿದು, ಗಾಡಿ ಏರು ಹತ್ತುವ ಕಡೆಗೇ ಕಣ್ಣು ನೆಟ್ಟು ನಿಂತುಬಿಟ್ಟ. "ಬಾರೋ, ಬೇರೆ ಕಡೆ ಹೋಗೋಣ" ಅಂದರೆ ತಿರುಗಿಯೂ ನೋಡಲಿಲ್ಲ. ಆಮೇಲೆ ಅಲ್ಲಿದ್ದ ಹುಡುಗನನ್ನು ಕೇಳಿದ, "ಅಣ್ಣಾ, ಅದು ಯಾಕೆ ಟಕ್ ಟಕ್ ಅನ್ನುತ್ತೆ?"

ಆ ಹುಡುಗನಿಗೂ ಕೆಲಸ ಇರಲಿಲ್ಲ. ಮಗನನ್ನು ಎತ್ತಿಕೊಂಡು ಬೆರಳು ಮಾಡಿ ತೋರಿಸಿದ. ಗಾಡಿಯನ್ನು ಮೇಲಕ್ಕೆ ಎಳೆಯುವುದು ಚೈನು. ಮೇಲೆ ಮುಟ್ಟಿದ ಮೇಲೆ ಚೈನಿಗೂ ಗಾಡಿಗೂ ಸಂಬಂಧ ಇಲ್ಲ, ತನ್ನ ಭಾರಕ್ಕೆ ತಾನೇ ಇಳಿದು ಓಡುತ್ತದೆ. ಇಂಜಿನ್ನೇ ಇಲ್ಲ. ಏರಿನ ಉದ್ದಕ್ಕೂ ಹಲ್ಲುಗಳಿರುತ್ತವೆ, ಗಾಡಿಯ ಅಡಿಯಲ್ಲಿರುವ ಕೊಕ್ಕೆ ಒಂದೊಂದೇ ಹಲ್ಲು ದಾಟಿ ಬೀಳುವಾಗ ಆ ಸದ್ದು. ಚೈನು ತುಂಡಾದರೂ ಗಾಡಿ ಹಿಂದಕ್ಕೆ ಜಾರದಂತೆ ಆ ಕೊಕ್ಕೆ ಹಿಡಿದುಕೊಳ್ಳುತ್ತದೆ. ಇಷ್ಟು ಹೇಳಿ, ಖಾಲಿ ಗಾಡಿಯನ್ನೇ ಒಂದು ಸುತ್ತು ಬಿಟ್ಟು ತೋರಿಸಿದ. ಅದು ಮೇಲೆ ಮುಟ್ಟಿದ್ದೇ ತಡ, "ಈಗ ಚೈನು ಬಿಡ್ತು!" ಅಂತ ಮಗ ಕಿರುಚಿದ. ಜನ ತುಂಬಿರುವ ಕಡೆ ಹೀಗೆ ನಿಂತು ಮಾತಾಡಲು ಯಾರಿಗೆ ಪುರುಸೊತ್ತು? ಹತ್ತಿಸು, ಇಳಿಸು, ಮುಂದಿನವರು ಬನ್ನಿ, ಅಷ್ಟೇ.

ಜೈಂಟ್ ವೀಲಿನಲ್ಲಿ ಇನ್ನೊಂದು ತಮಾಷೆ. ನಾಲ್ವರೂ ಒಂದೇ ತೊಟ್ಟಿಲಿಗೆ ಹತ್ತಲು ಹೊರಟರೆ ನಡೆಸುವವರು ತಡೆದರು. ಬೇರೆ ಯಾರೂ ಇಲ್ಲದಿದ್ದರೆ ಭಾರ ಒಂದೇ ಕಡೆ ಬೀಳುತ್ತದೆ, ಎದುರುಬದುರು ಕೂರಬೇಕು ಅಂದರು. 1893ರಲ್ಲಿ ಷಿಕಾಗೋದಲ್ಲಿ ಜಾರ್ಜ್ ಫೆರಿಸ್ ನಿಲ್ಲಿಸಿದ ಚಕ್ರದಲ್ಲಿ 36 ಡಬ್ಬಿಗಳಿದ್ದವು, ಒಂದೊಂದಕ್ಕೆ 60 ಜನ ಹಿಡಿಯುತ್ತಿದ್ದರು. ನಾವೋ ನಾಲ್ಕೇ ಜನ, ಅದರಲ್ಲೂ ಎರಡು ಪಾಲು! ನಾನೂ ಮಗಳೂ ಮೇಲಿದ್ದಾಗ ಅಪ್ಪ ಮಗ ಕೆಳಗೆ, ಅವರು ಮೇಲೆ ಹೋದಾಗ ನಾವು ಕೆಳಗೆ. ಇಡೀ ಹೊತ್ತು ಕೈ ಬೀಸಿಕೊಂಡೇ ಕಳೆಯಿತು.

ಎಲ್ಲವೂ ಚೆನ್ನಾಗಿತ್ತು ಅಂತೇನಲ್ಲ. ಡ್ಯಾಶಿಂಗ್ ಕಾರಿಗೆ ಗಲಾಟೆ ಬೇಕು. ಎರಡೇ ಕಾರು ಇದ್ದರೆ ಒಂದನ್ನೊಂದು ಹುಡುಕಿಕೊಂಡು ಹೋಗಿ ಗುದ್ದಬೇಕು, ಬೇಗ ಬೇಜಾರಾಗುತ್ತದೆ. ನೀರಿನ ಆಟ ಆ ದಿನ ಬಂದ್. ಎರಡು ರೈಡಿಗೆ ಒಬ್ಬರೇ ಆಳು, ಹಾಗಾಗಿ ಒಂದು ನಿಲ್ಲಿಸಿ ಇನ್ನೊಂದಕ್ಕೆ ಅವರು ನಡೆದು ಬರುವವರೆಗೆ ಕಾಯಬೇಕು. ಹೊರಡುವ ಮೊದಲು ಒಂದು ಫೋನ್ ಮಾಡಿ, ಇವತ್ತು ಯಾವ್ಯಾವುದು ನಡೆಯುತ್ತಿದೆ ಅಂತ ಕೇಳಿಕೊಳ್ಳುವುದು ಒಳ್ಳೆಯದು. ಹತ್ತು ವರ್ಷ ದಾಟಿದ ಮಕ್ಕಳಿಗೆ ಇಲ್ಲೇನೂ ಇಲ್ಲ, ಅವರನ್ನು ಕರೆತಂದರೆ ಮುಖ ಊದಿಸಿಕೊಂಡು ಕೂರುತ್ತಾರೆ.

ಪುಟಾಣಿ ರೈಲಿನ ಹತ್ತಿರವೂ ಎತ್ತರದ ಗೆರೆ ಇತ್ತು. ಇಲ್ಲಿ ಉಲ್ಟಾ: ಅದಕ್ಕಿಂತ ಎತ್ತರ ಇದ್ದವರು ಹತ್ತುವ ಹಾಗಿಲ್ಲ. ಮಗಳನ್ನು ನಿಲ್ಲಿಸಿ ನೋಡಿದೆವು, ಗೆರೆಗೆ ಇನ್ನು ಎರಡು ಬೆರಳಷ್ಟೇ ಬಾಕಿ. ಮುಂದಿನ ರಜೆಗೂ ಇಲ್ಲಿಗೇ ಬರೋಣ ಅಂತ ಇದ್ದೇವೆ. ರೈಲು ಅವಳಿಗೆ ಆಗ ಸಿಗುವುದು ಅನುಮಾನ. ಕುದುರೆ ಹತ್ತಲು ಅಂಥ ಗೆರೆ ಇಲ್ಲ ಅನ್ನುವುದನ್ನು ಅವಳು ಆಗಲೇ ಅಂಕಲ್ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡಿದ್ದಾಳೆ.