ಸ್ಲೈಡ್ ನೆಗೆಟಿವ್, ಬೆರಳು ಪಾಸಿಟಿವ್

ಸೋಮವಾರಪೇಟೆ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಕಕ್ಕಡ ತಿಂಗಳ ಮಳೆಯಲ್ಲಿ ಕೈಕಾಲು ನೋವು ಅನ್ನದವರು ನಮ್ಮೂರಲ್ಲಿ ಯಾರಿದ್ದಾರೆ? ಹಾಗಾಗಿ ರುಮಟಾಯ್ಡ್ ಸಂಧಿವಾತದ (ಗಂಟು ಊದುವ ಕಾಯಿಲೆ) ಸುಳಿವು ಹುಡುಕುವ ಆರ್‌ಎ ಫ್ಯಾಕ್ಟರ್ ಟೆಸ್ಟ್‌ಗೆ ಡಾಕ್ಟರ್ ಚೀಟಿ ಇಲ್ಲದೆ ಸುಮ್ನೆ ಬರುವವರೂ ಜಾಸ್ತಿ.

ಟೆಸ್ಟ್ ಸುಲಭ. ಕಪ್ಪು ಸ್ಲೈಡಿನ ಮೇಲೆ ಒಂದು ತೊಟ್ಟು ಸೀರಮ್ (ರಕ್ತದ ತಿಳಿ), ಒಂದು ತೊಟ್ಟು ಹಾಲಿನಂಥ ಲೇಟೆಕ್ಸ್ ದ್ರಾವಣ. ಕಡ್ಡಿಯಲ್ಲಿ ಕಲಸಿ ಎರಡು ನಿಮಿಷ ತೂಗಬೇಕು. ಒಡೆದ ಹಾಲಿನ ಹಾಗೆ ಕಾಳು ಕಟ್ಟಿದರೆ ಪಾಸಿಟಿವ್.

ಒಂದು ಕಾಫಿ ಕೊಯ್ಲಿನ ಸಮಯ, ತೋಟದ ಲೈನ್ ಮನೆಯಿಂದ ಒಬ್ಬರು ಬಂದರು. "ಬೆಳಗ್ಗೆ ಬೆರಳು ಮಡಚೋಕೇ ಆಗಲ್ಲ ಅಣ್ಣ, ಬಿಸಿಲೇರಿದ ಮೇಲೇ ಸಡಿಲ ಆಗೋದು, ಅಷ್ಟರಲ್ಲಿ ಬೇರೆಯವರ ಚೀಲ ಅರ್ಧ ತುಂಬಿರ್ತದೆ" ಅಂದರು. ಸ್ಲೈಡ್ ನುಣ್ಣಗೇ ಇತ್ತು. "ಏನೂ ಇಲ್ಲ ಅಕ್ಕ, ಚಳಿಗೆ ಹಾಗಾಗ್ತದೆ" ಅಂತ ಕಳಿಸಿಬಿಟ್ಟೆ. ಹಾಗೆ ಹೇಳುವುದು ನನ್ನ ಕೆಲಸವೇ ಅಲ್ಲ.

ಮಳೆ ಮುಗಿದ ಮೇಲೆ ಮತ್ತೆ ಬಂದರು. ಎರಡೂ ಕೈಯ ಗೆಣ್ಣು ಊದಿ, ನಡುವಿನ ಹಳ್ಳವೇ ಕಾಣುತ್ತಿರಲಿಲ್ಲ. ಬಳೆ ತೆಗೆದಿಟ್ಟಿದ್ದರು. ಈ ಸಲ ಡಾಕ್ಟರ್ ಆಂಟಿ ಸಿಸಿಪಿ ಅನ್ನುವ, ಇದೇ ರೋಗಕ್ಕೆ ಮಾಡುವ ಇನ್ನೊಂದು ರಕ್ತಪರೀಕ್ಷೆ ಬರೆದಿದ್ದರು. ಅದು ಜೋರಾಗಿಯೇ ಪಾಸಿಟಿವ್ ಬಂತು.

ಆಮೇಲೆ ಪುಸ್ತಕ ತೆಗೆದು ಓದಿದೆ, ಮೊದಲೇ ಓದಬೇಕಿತ್ತು ಬಿಡಿ. ಆರ್‌ಎ ಫ್ಯಾಕ್ಟರ್ ಅಂದರೆ ನಮ್ಮದೇ ಪ್ರತಿಕಾಯಕ್ಕೆ (ಆಂಟಿಬಾಡಿಗೆ) ಅಂಟಿಕೊಳ್ಳುವ ಇನ್ನೊಂದು ಪ್ರತಿಕಾಯ. ರುಮಟಾಯ್ಡ್ ಸಂಧಿವಾತ ಇರುವ 100 ಜನರಲ್ಲಿ 70-80 ಮಂದಿಗೆ ಮಾತ್ರ ಸಿಗುತ್ತದೆ, ಶುರುವಿನಲ್ಲಿ ಇನ್ನೂ ಕಡಿಮೆ. ಇತ್ತ ಗಟ್ಟಿಮುಟ್ಟಾದ ಅಜ್ಜನಲ್ಲೂ, ಹೆಪಟೈಟಿಸ್ ಸಿ ಇದ್ದವರಲ್ಲೂ ಪಾಸಿಟಿವ್ ಬರಬಹುದು. ಸಿಸಿಪಿ ಕಥೆ ಬೇರೆ. ಹುಟ್ಟಿನಿಂದ ಬಂದ ಕೆಲವು ಜೀನ್ ಇರುವವರಲ್ಲಿ, ಹೊಗೆಯಂಥದ್ದು ಶ್ವಾಸಕೋಶಕ್ಕೆ ತಾಗಿ ಅಲ್ಲಿನ ಪ್ರೋಟೀನು ಸ್ವಲ್ಪ ಮಾರ್ಪಾಡಾದರೆ, ದೇಹ ಅದನ್ನು ಹೊರಗಿನದು ಅಂದುಕೊಂಡು ಪ್ರತಿಕಾಯ ಮಾಡಲು ತೊಡಗುತ್ತದೆ (ಆಂಟಿ ಸಿಸಿಪಿ ಟೆಸ್ಟ್ ಹುಡುಕುವುದು ಇದನ್ನೇ), ಅದೂ ಎಷ್ಟೋ ಸಲ ಗಂಟು ನೋಯುವ ಕೆಲವು ವರ್ಷ ಮೊದಲೇ. ಗಂಟಿನ ಒಳಪೊರೆ ಊದಿ ಮೂಳೆ ಸವೆಯುವುದು ಆಮೇಲೆ.

"ನಾನು ಬೀಡಿ ಸೇದಿದವಳಲ್ಲವಲ್ಲ" ಅಂದರು ಆ ಅಕ್ಕ. ಸೇದದವರಿಗೂ ಬರುತ್ತದೆ, ಹೆಂಗಸರಿಗೇ ಜಾಸ್ತಿ.

ಈಗ ರಿಪೋರ್ಟ್ ಕೊಡುವಾಗ "ಏನೂ ಇಲ್ಲ" ಅನ್ನುವುದನ್ನು ಬಿಟ್ಟಿದ್ದೇನೆ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಅಂತ ಕೇಳುತ್ತೇನೆ. ಗಂಟೆ ದಾಟಿದರೆ, ಸ್ಲೈಡ್ ಏನೇ ಹೇಳಲಿ, ಡಾಕ್ಟರ್ ಹತ್ತಿರ ಹೋಗಿ ಅಂತೀನಿ.

ಆ ಅಕ್ಕ ಈಗ ವಾರಕ್ಕೊಮ್ಮೆ ಈ ರೋಗದ ಔಷಧಿ ಮೆಥೋಟ್ರೆಕ್ಸೇಟ್ ತಗೊಳ್ತಾರೆ, ಲಿವರ್ ಟೆಸ್ಟ್‌ಗೆ ನಮ್ಮಲ್ಲಿಗೇ ಬರುತ್ತಾರೆ. ಮೊನ್ನೆ ಮುಷ್ಟಿ ಕಟ್ಟಿ ತೋರಿಸಿದರು. ನಡುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ.